ಅಡಿಕೆ ಒಲೆ ಕೆಂಡದಲ್ಲಿ ಸುಟ್ಟ ಕ್ಯಾಪ್ಸಿಕಂ, ಸಣ್ಣ ಉರಿಯಲ್ಲಿ ಕರಗಿದ ಚೀಸ್

ಬಿಸಿ ಚೀಸ್ ಡಿಪ್, ಅಂದ್ರೆ ಹಪ್ಪಳ, ಪಾವ್ ಅದ್ದಿ ತಿನ್ನೋ ಚೀಸಿನ ಗೊಜ್ಜು, ಮಾಡೋದಕ್ಕೆ ಎರಡು ಥರದ ಬೆಂಕಿ ಬೇಕು. ಮೆಣಸಿಗೆ ಸಿಪ್ಪೆ ಕಪ್ಪಾಗೋ ಹಾಗೆ ಸುಡೋ ಬೆಂಕಿ, ಚೀಸಿಗೆ ಇದೆಯೋ ಇಲ್ವೋ ಅನ್ನೋಷ್ಟು ಸಣ್ಣ ಉರಿ. ಇವೆರಡನ್ನ ಅದಲು ಬದಲು ಮಾಡಿದ್ರೆ ಮೆಣಸು ಹಸಿಹಸಿ ಉಳಿಯತ್ತೆ, ಚೀಸ್ ಎಣ್ಣೆ ಬಿಟ್ಟು ರಬ್ಬರ್ ಆಗತ್ತೆ. ಹೋಟೆಲಿನಲ್ಲಿ ಸಣ್ಣ ಬಟ್ಟಲಲ್ಲಿ ಕೊಡೋದನ್ನ, ಬಾಟಲಿಲಿ ಸಿಗೋದನ್ನ ತಿಂದವರಿಗೆ ಇದರ ನಿಜವಾದ ರುಚಿ ಗೊತ್ತಾಗಿರಲ್ಲ ಅಂತ ನನಗೆ ಅನ್ಸತ್ತೆ, ಯಾಕಂದ್ರೆ ಅದರಲ್ಲಿ ಸುಟ್ಟ ಮೆಣಸಿನ ಪರಿಮಳವೇ ಇರಲ್ಲ, ಬರೀ ಉಪ್ಪು ಮತ್ತೆ ಹಳದಿ ಬಣ್ಣ.

ನಮ್ಮದು ಶಿರಸಿ ಹತ್ರ ಹಳ್ಳಿ, ಅಡಿಕೆ ತೋಟದ ಮನೆ. ನವೆಂಬರ್ ಡಿಸೆಂಬರ್ ಬಂತು ಅಂದ್ರೆ ಕೊನೆಕೊಯ್ಲು, ಅಂದ್ರೆ ಅಡಿಕೆ ಗೊನೆ ಕೊಯ್ಯೋದು, ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿ ಸಾಲಾಗಿ ಇಟ್ಕೊಂಡು ಅಡಿಕೆ ಸುಲಿಯೋದು, ಸುಲಿದಿದ್ದನ್ನ ಮಾರನೇ ದಿನ ದೊಡ್ಡ ಹಂಡೆಲಿ ಚೊಗರು (ಮೊದಲು ಅಡಿಕೆ ಬೇಯಿಸಿ ಉಳಿದ ಗಟ್ಟಿ ನೀರು) ಹಾಕಿ ಬೇಯಿಸೋದು. ಆ ಹಂಡೆ ಒಲೆಗೆ ದಿನವಿಡೀ ದಪ್ಪ ಕಟ್ಟಿಗೆ ಕುಂಟೆ ತುಂಬಿರತ್ತೆ, ಸಂಜೆ ಹಂಡೆ ಇಳಿಸೋ ಹೊತ್ತಿಗೆ ಒಲೆ ತುಂಬ ಕೆಂಡ. ಸುಲಿಯೋಕೆ ಬಂದವರಿಗೆ ನಡುವೆ ಚಾ ಜೊತೆ ಎಂತಾದ್ರೂ ಕೊಡಲೇಬೇಕು, ಅವಲಕ್ಕಿ, ಹಪ್ಪಳ, ಸುಟ್ಟ ಗೆಣಸು ಹೀಗೆ. ಈ ಸಲ ತಂಗಿ ಕಾರವಾರದಿಂದ ಮಕ್ಕಳನ್ನ ಕರ್ಕೊಂಡು ಬಂದಿದ್ಲು, ಬರುವಾಗ ಅಲ್ಲಿನ ಬೇಕರಿಯಿಂದ ಪಾವ್ ತಂದಿದ್ಲು, ಮಕ್ಕಳು ಚೀಸ್ ಚೀಸ್ ಅಂತ ಶುರು ಮಾಡಿದ್ವು, ನನಗೂ ಒಲೆಲಿ ಅಷ್ಟು ಕೆಂಡ ಸುಮ್ನೆ ಬೂದಿಯಾಗೋದು ನೋಡೋಕೆ ಆಗ್ಲಿಲ್ಲ. ಹಾಗಾಗಿ ಸುಲಿಯೋ ಎಲ್ಲರಿಗೂ ಇದನ್ನೇ ಮಾಡೋಣ ಅಂತ ನಿರ್ಧಾರ ಮಾಡ್ದೆ.

ಮೊದಲು ಮೆಣಸಿನ ಆಯ್ಕೆ. ಈ ಡಿಪ್ಪಿನ ಮೂಲ ಉತ್ತರ ಮೆಕ್ಸಿಕೋ ಮತ್ತೆ ಅದಕ್ಕೆ ತಾಗಿಕೊಂಡ ಅಮೆರಿಕದ ಟೆಕ್ಸಾಸ್ ಕಡೆದು, ಚಿಲೆ ಕಾನ್ ಕೆಸೊ ಅಂತ ಕರೀತಾರೆ. ಅಲ್ಲಿ ಪೊಬ್ಲಾನೋ ಅನ್ನೋ ಕಡು ಹಸಿರು ಮೆಣಸನ್ನ ಸುಟ್ಟು ಸಿಪ್ಪೆ ತೆಗೆದು ಉದ್ದುದ್ದ ಸೀಳಿ ಹಾಕ್ತಾರೆ. ಚಿವಾವಾ ರಾಜ್ಯದಲ್ಲಿ ಕೆನಡಾದಿಂದ 1922ರಲ್ಲಿ ಬಂದು ನೆಲೆಸಿದ ಮೆನೊನೈಟ್ ಜನ ಮಾಡೋ ಚೀಸ್ ಇದೆ, ಸುಲಭವಾಗಿ ಕರಗೋ ಅಂಥದ್ದು, ಅಲ್ಲಿಯವರು ಅದನ್ನ ತುಂಬಾ ಬಳಸ್ತಾರೆ. ನಮ್ಮಲ್ಲಿ ಪೊಬ್ಲಾನೋನೂ ಇಲ್ಲ, ಆ ಚೀಸೂ ಇಲ್ಲ. ಆದ್ರೆ ಪೊಬ್ಲಾನೋ ಮಾಡೋ ಕೆಲಸ ಏನು ಅಂತ ನೋಡಿದ್ರೆ, ದಪ್ಪ ತಿರುಳು ಮತ್ತೆ ಒಂಚೂರು ಖಾರ. ಕ್ಯಾಪ್ಸಿಕಂನಲ್ಲಿ ತಿರುಳಿದೆ ಆದ್ರೆ ಖಾರ ಸೊನ್ನೆ, ಬಜ್ಜಿ ಮೆಣಸಿನಲ್ಲಿ ಸ್ವಲ್ಪ ಖಾರ ಇದೆ ಆದ್ರೆ ತಿರುಳು ತೆಳು. ಎರಡನ್ನೂ ಸೇರಿಸಿದ್ರೆ ಲೆಕ್ಕ ಸರಿಹೋಗತ್ತೆ. ನಾನು ತಗೊಂಡಿದ್ದು ಮೂರು ಕೆಂಪು ಕ್ಯಾಪ್ಸಿಕಂ, ಒಂದು ಹಸಿರು, ನಾಲ್ಕು ಬಜ್ಜಿ ಮೆಣಸು. ಕೆಂಪು ಅಂದ್ರೆ ಬೇರೆ ಜಾತಿ ಅಲ್ಲ, ಗಿಡದಲ್ಲೇ ಹಣ್ಣಾಗಿದ್ದು, ಅದಕ್ಕೇ ಸಿಹಿ ಜಾಸ್ತಿ, ರೇಟೂ ಜಾಸ್ತಿ. ಹಸಿರದರಲ್ಲಿ ಒಂಥರ ಕಹಿ ಇರತ್ತೆ, ಅದು ಸ್ವಲ್ಪ ಇದ್ರೆ ಚೀಸಿನ ಜಿಡ್ಡಿಗೆ ಒಳ್ಳೇದೇ.

ಅಂಗಡಿಲಿ ಆರಿಸುವಾಗ ಕೈಯಲ್ಲಿ ಹಿಡಿದ್ರೆ ಭಾರ ಅನ್ನಿಸ್ಬೇಕು, ಮೇಲ್ಮೈ ಬಿಗಿಯಾಗಿರಬೇಕು, ಆದಷ್ಟು ಕಡಿಮೆ ತಗ್ಗು ದಿಣ್ಣೆ ಇರ್ಬೇಕು. ತಗ್ಗು ಇರೋ ಕಡೆ ಬೆಂಕಿ ತಾಗಲ್ಲ, ಅಲ್ಲಿ ಸಿಪ್ಪೆ ಹಾಗೇ ಅಂಟ್ಕೊಂಡು ಉಳಿಯತ್ತೆ. ಮುದುಡಿದ ಕ್ಯಾಪ್ಸಿಕಂ ಪಲ್ಯಕ್ಕೆ ಆಗತ್ತೆ, ಇದಕ್ಕೆ ಆಗಲ್ಲ.

ಒಲೆ ವಿಷಯಕ್ಕೆ ಬಂದ್ರೆ, ಉರಿ ಪೂರ್ತಿ ಅಡಗಿ ಕೆಂಡ ನಿಗಿನಿಗಿ ಆಗೋವರೆಗೆ ಕಾಯ್ಲೇಬೇಕು. ಹೊಗೆ ಇರುವಾಗ ಇಟ್ರೆ ಮೆಣಸಿಗೆ ಮಸಿ ವಾಸನೆ ಹಿಡಿಯತ್ತೆ, ಆಮೇಲೆ ಎಂತ ಹಾಕಿದ್ರೂ ಹೋಗಲ್ಲ. ಕೆಂಡನ ಕೋಲಲ್ಲಿ ಒಲೆ ಬಾಯಿಗೆ ಎಳ್ಕೊಂಡು ಹರಡಿ, ಮೇಲೆ ಹಳೇ ಕಬ್ಬಿಣದ ಜಾಲರಿ ಇಟ್ಟೆ. ಪ್ರತಿ ಮೆಣಸಿಗೂ ತೊಟ್ಟಿನ ಹತ್ರ ಚಾಕುವಲ್ಲಿ ಒಂದು ಸಣ್ಣ ಸೀಳು ಕೊಡ್ಬೇಕು, ಒಳಗೆ ಪೊಳ್ಳಿರೋದ್ರಿಂದ ಹಬೆ ತುಂಬಿ ಸಿಡಿಯೋ ಸಾಧ್ಯತೆ ಇದೆ, ಮಕ್ಕಳು ಹತ್ರ ಇರುವಾಗಂತೂ ಇದನ್ನ ಮರೀಬಾರದು. ಎಣ್ಣೆ ಹಚ್ಚೋದು ಬೇಡ. ಮೊದಲು ಪಟಪಟ ಅಂತ ಸದ್ದು ಬರತ್ತೆ, ಸಿಪ್ಪೆ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳತ್ತೆ, ಗುಳ್ಳೆಗಳು ಕಪ್ಪಾಗ್ತಾ ಒಂದಕ್ಕೊಂದು ಕೂಡ್ಕೊಳತ್ತೆ. ಒಂದು ಮಗ್ಗುಲು ಪೂರ್ತಿ ಕಪ್ಪಾದ ಮೇಲಷ್ಟೇ ಇಕ್ಕಳದಲ್ಲಿ ಹಿಡಿದು ತಿರುಗಿಸ್ಬೇಕು. ಸುಮಾರು 10ರಿಂದ 12 ನಿಮಿಷಕ್ಕೆ ಎಲ್ಲಾ ಕಡೆ ಆಗತ್ತೆ, ಬಜ್ಜಿ ಮೆಣಸು ತೆಳು ಇರೋದ್ರಿಂದ ಅರ್ಧ ಹೊತ್ತು ಸಾಕು. ಕೆಂಡ ಜೋರಾಗೇ ಇರ್ಬೇಕು, ಯಾಕಂದ್ರೆ ಸಿಪ್ಪೆ ಬೇಗ ಸುಟ್ರೆ ಒಳಗಿನ ತಿರುಳು ಮುದ್ದೆಯಾಗದೆ ಉಳಿಯತ್ತೆ. ಮಂದ ಬೆಂಕಿಲಿ ನಿಧಾನ ಮಾಡಿದ್ರೆ ಸಿಪ್ಪೆ ಕಪ್ಪಾಗೋದರೊಳಗೆ ತಿರುಳು ನೀರು ಬಿಟ್ಟು ಜೋತು ಬೀಳತ್ತೆ.

ಆಯಿ ಬಂದು ಬಗ್ಗಿ ನೋಡಿ, "ಪೂರಾ ಸುಟ್ಟು ಹೋತಲೇ ಕೂಸೇ" ಅಂದ್ಲು. ಬದನೆಕಾಯಿ ಗೊಜ್ಜಿಗೆ ಸುಡೋ ಹಾಗೇ ಆಯಿ ಇದು ಅಂದೆ, ಅಷ್ಟಕ್ಕೆ ಅವಳಿಗೆ ಎಲ್ಲಾ ಅರ್ಥ ಆಯ್ತು, ತಾನೇ ಹೋಗಿ ಮುಚ್ಚಳ ಇರೋ ಪಾತ್ರೆ ತಂದು ಕೊಟ್ಲು. ಗ್ಯಾಸ್ ಒಲೆ ಮೇಲೂ ಇದನ್ನ ಮಾಡಬಹುದು, ಬರ್ನರ್ ಮೇಲೆ ನೇರವಾಗಿ ಇಟ್ಟು ದೊಡ್ಡ ಉರಿಲಿ ತಿರುಗಿಸ್ತಾ ಇದ್ರೆ ಆಯ್ತು, ಪ್ಯಾಟೆ ಮನೆಯವರಿಗೆ ಅದೇ ದಾರಿ. ಆದ್ರೆ ಕೆಂಡದ ಪರಿಮಳ ಬೇರೆನೇ, ಅದರಲ್ಲಿ ಎರಡು ಮಾತಿಲ್ಲ.

ಸುಟ್ಟ ಮೆಣಸನ್ನ ಬಿಸಿಬಿಸಿ ಇರುವಾಗಲೇ ಪಾತ್ರೆಗೆ ಹಾಕಿ ಮುಚ್ಚಿ ಹತ್ತು ಹದಿನೈದು ನಿಮಿಷ ಬಿಡ್ಬೇಕು. ಅದರದ್ದೇ ಹಬೆಗೆ ಸಿಪ್ಪೆ ತಿರುಳಿಂದ ಬಿಡಿಸ್ಕೊಳತ್ತೆ. ಮುಚ್ಚಳ ತೆಗೆದಾಗ ಬರೋ ವಾಸನೆ ಇದೆಯಲ್ಲ, ಸಿಹಿ, ಹೊಗೆ, ಒಂಚೂರು ಹುಳಿ, ಮೂರೂ ಒಟ್ಟಿಗೆ, ಅಂಗಳದಲ್ಲಿ ಸುಲೀತಾ ಕೂತವರೆಲ್ಲ ತಲೆ ಎತ್ತಿ ನೋಡಿದ್ರು. ಆಮೇಲೆ ಬೆರಳಲ್ಲಿ ಉಜ್ಜಿದ್ರೆ ಕಪ್ಪು ಸಿಪ್ಪೆ ತೆಳ್ಳಗೆ ಹಾಳೆ ಹಾಗೆ ಜಾರಿ ಬರತ್ತೆ, ಅಡಿಲಿ ನುಣ್ಣಗೆ ಒದ್ದೆ ಒದ್ದೆ ಕೆಂಪು ತಿರುಳು. ಬೆರಳ ತುದಿಗೆ ಸಿಪ್ಪೆ ಚೂರು ಅಂಟಿದ್ರೆ ಬಟ್ಟೆಲಿ ಒರೆಸ್ಕೋಬೇಕು, ಮೆಣಸನ್ನ ಮಾತ್ರ ನಲ್ಲಿ ಕೆಳಗೆ ಹಿಡೀಬಾರದು. ತೊಳೆದ್ರೆ ಕ್ಲೀನ್ ಆಗತ್ತೆ ನಿಜ, ಆದ್ರೆ ಸುಟ್ಟ ರುಚಿ ಇರೋದೇ ಮೇಲಿನ ಆ ಜಿಗುಟು ರಸದಲ್ಲಿ, ಅದು ನೀರಲ್ಲಿ ಹರಿದು ಹೋಗತ್ತೆ. ಅಲ್ಲಿ ಇಲ್ಲಿ ಒಂದೆರಡು ಕಪ್ಪು ಚುಕ್ಕೆ ಉಳಿದ್ರೆ ಉಳೀಲಿ. ಪಾತ್ರೆ ತಳದಲ್ಲಿ ಮೂರ್ನಾಲ್ಕು ಚಮಚ ರಸ ಇಳಿದಿರತ್ತೆ, ಅದನ್ನ ಚೆಲ್ಲದೆ ಎತ್ತಿಡಿ. ಬೀಜ ತೆಗೆದು, ಕ್ಯಾಪ್ಸಿಕಂ ಸಣ್ಣ ಹೋಳು ಮಾಡ್ದೆ, ಬಜ್ಜಿ ಮೆಣಸನ್ನ ಉದ್ದಕ್ಕೆ ಸೀಳಿದೆ.

ಈಗ ಚೀಸ್. ಇಲ್ಲೇ ಜಾಸ್ತಿ ಜನ ಕೈ ಬಿಡೋದು, ಮಾಡಿದ್ರೆ ಗಂಟು ಗಂಟಾಗತ್ತೆ ಅಂತಾರೆ. ಶಿರಸಿ ಟಿಎಸ್ಎಸ್ ಸೂಪರ್ ಮಾರ್ಕೆಟ್ಟಿಂದ 200 ಗ್ರಾಂ ಪ್ರೊಸೆಸ್ಡ್ ಚೀಸ್ ಬ್ಲಾಕ್ ಮತ್ತೆ 100 ಗ್ರಾಂ ಆಗುವಷ್ಟು ಮೊಝರೆಲ್ಲಾ ತಂದಿದ್ದೆ. ಯಾಕೆ ಎರಡು ಥರ ಅಂದ್ರೆ ಮೊಝರೆಲ್ಲಾ ಒಂದನ್ನೇ ಹಾಕಿದ್ರೆ ಪಿಝ್ಝಾ ಮೇಲಿನ ಹಾಗೆ ನೂಲು ನೂಲು ಎಳೆಯತ್ತೆ, ಹಪ್ಪಳದಲ್ಲಿ ಅದ್ದಿ ತೆಗೆಯೋಕೆ ಬರಲ್ಲ. ಪ್ರೊಸೆಸ್ಡ್ ಒಂದನ್ನೇ ಹಾಕಿದ್ರೆ ನಯವಾಗತ್ತೆ ಆದ್ರೆ ಉಪ್ಪು ಜಾಸ್ತಿ, ಎಳೆ ಒಂಚೂರೂ ಇರಲ್ಲ.

ಪ್ರೊಸೆಸ್ಡ್ ಚೀಸ್ ಅಂದ್ರೆ ಕೆಲವರು ಮೂಗು ಮುರೀತಾರೆ, ಆದ್ರೆ ಈ ಡಿಪ್ಪಿಗೆ ಅದು ಬೇಕೇ ಬೇಕು, ಕಾರಣ ಇದೆ. ಹಾಲಿನ ಕೇಸೀನ್ ಅನ್ನೋ ಪ್ರೋಟೀನನ್ನ ಚೀಸಿನಲ್ಲಿ ಕ್ಯಾಲ್ಸಿಯಂ ಬಿಗಿಯಾಗಿ ಕಟ್ಟಿ ಹಿಡಿದಿರತ್ತೆ, ಜೋರು ಬಿಸಿ ಕೊಟ್ರೆ ಪ್ರೋಟೀನ್ ಇನ್ನಷ್ಟು ಬಿಗಿದು ಒಳಗಿನ ಕೊಬ್ಬನ್ನ ಹಿಂಡಿ ಹೊರಗೆ ಹಾಕತ್ತೆ, ಎಣ್ಣೆ ತೇಲೋದು ಅದೇ. ಸೋಡಿಯಂ ಸಿಟ್ರೇಟ್ ಥರದ ಲವಣ ಸೇರಿಸಿದ್ರೆ ಅದು ಕ್ಯಾಲ್ಸಿಯಮನ್ನ ತಾನು ಹಿಡ್ಕೊಂಡು ಪ್ರೋಟೀನನ್ನ ಸಡಿಲ ಬಿಡತ್ತೆ, ಆಗ ಕೊಬ್ಬು, ನೀರು, ಪ್ರೋಟೀನ್ ಮೂರೂ ಹೊಂದ್ಕೊಂಡು ಇರತ್ತೆ. ಪ್ರೊಸೆಸ್ಡ್ ಚೀಸಿನಲ್ಲಿ ಈ ಲವಣ ಇರತ್ತೆ, ಅಂಥ ಚೀಸ್ ಮೊದಲು ಮಾಡಿದ್ದು ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್ ಮತ್ತೆ ಫ್ರಿಟ್ಜ್ ಸ್ಟೆಟ್ಲರ್, 1911ರಲ್ಲಿ. ಪ್ಯಾಕೆಟ್ ಹಿಂದೆ ಸೋಡಿಯಂ ಸಿಟ್ರೇಟ್ ಅಂತಲೋ 331 ಅಂತಲೋ ಬರೆದಿದ್ರೆ ಅದು ಇದೇ. ಬರೀ ಚೆಡ್ಡಾರ್ ಥರದ ಪ್ರೊಸೆಸ್ ಮಾಡದ ಚೀಸ್ ಇದ್ದವರು ಮನೇಲೇ ಈ ಲವಣ ಮಾಡ್ಕೋಬಹುದು, 5 ಗ್ರಾಂ ಸಿಟ್ರಿಕ್ ಆಸಿಡ್ ಅಂದ್ರೆ ನಿಂಬೆ ಉಪ್ಪಿಗೆ ಸುಮಾರು 6.5 ಗ್ರಾಂ ಅಡುಗೆ ಸೋಡಾ, ಸ್ವಲ್ಪ ನೀರಲ್ಲಿ ಕೂಡಿಸಿದ್ರೆ ಬುಸ್ ಅಂತ ನೊರೆ ಬಂದು ಅಡಗತ್ತೆ, ಉಳಿದ ನೀರಲ್ಲಿ ಇರೋದು ಸೋಡಿಯಂ ಸಿಟ್ರೇಟೇ. ಅಷ್ಟು 300 ಗ್ರಾಂ ಚೀಸಿಗೆ ಸಾಕು.

ಚೀಸ್ ತುರೀತಾ ಇರುವಾಗ ಆಯಿ ಕವರ್ ತಗೊಂಡು ಬೆಳಕಿಗೆ ಹಿಡಿದು, "ಇದ್ರಲ್ಲಿ ಎಂತೆಂತ ಹಾಕ್ತ್ವಡಾ, ಓದಿ ಹೇಳು ನೋಡನ" ಅಂದ್ಲು. ಅವಳು ಕೇಳಿದ್ದು ಸರಿಯಾದ ಪ್ರಶ್ನೆ, ನಮ್ಮ ಕಡೆ ಹಿರಿಯರು ತುಂಬಾ ಮನೆಗಳಲ್ಲಿ ಚೀಸ್ ಮುಟ್ಟಲ್ಲ, ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ ಅಂತ ಕೇಳಿರ್ತಾರೆ. ಹಳೇ ಪದ್ಧತಿಲಿ ಹೌದು, ವಿದೇಶದ ಕೆಲವು ಚೀಸಲ್ಲಿ ಈಗಲೂ ಹೌದು. ಆದ್ರೆ ಹಸಿರು ಚುಕ್ಕೆ ಇರೋ ಚೀಸಿಗೆ ಪ್ರಾಣಿ ಮೂಲದ ರೆನೆಟ್ ಹಾಕೋ ಹಾಗಿಲ್ಲ, ಬೂಷ್ಟಿನಂಥ ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಳಸ್ತಾರೆ. ಓದಿ ಹೇಳ್ದೆ, ಹಸಿರು ಚುಕ್ಕೆ ತೋರಿಸ್ದೆ, ಅವಳು ಒಂದು ನಿಮಿಷ ಕವರನ್ನೇ ನೋಡಿ, ಹಾಂ ಹಾಗಾದ್ರೆ ಮಾಡು ಅಂತ ಹೋದ್ಲು. ಮನೆಯವರೆಲ್ಲ ತಿನ್ನೋ ಅಡುಗೆ ಅಂದ್ಮೇಲೆ ಇದನ್ನ ಮೊದಲೇ ನೋಡ್ಕೊಂಡು ತರೋದು ಮಾಡೋರ ಜವಾಬ್ದಾರಿ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಮನೇಲಿ ಆಕಳಿದೆ, ಹಾಲಿದೆ, ಪನೀರಲ್ಲೇ ಮಾಡಬಹುದಲ್ಲ ಅಂತ ತಂಗಿ ಕೇಳಿದ್ಲು. ಆಗಲ್ಲ. ಕುದಿಯೋ ಹಾಲಿಗೆ ಹುಳಿ ಹಿಂಡಿ ಒಡೆಸಿದ ಪನೀರ್ ಎಷ್ಟು ಕಾಯಿಸಿದ್ರೂ ಕರಗಲ್ಲ, ಅದಕ್ಕೇ ಅಲ್ವಾ ಅದನ್ನ ಎಣ್ಣೆಲಿ ಹುರಿಯೋಕೆ ಆಗೋದು.

ಚೀಸನ್ನ ತುರಿದೇ ಹಾಕ್ಬೇಕು, ತುಂಡು ಹಾಕಿದ್ರೆ ಹೊರಗಡೆ ಕಾದು ಒಳಗೆ ತಣ್ಣಗಿರತ್ತೆ. ತುರಿದ ಚೀಸಿಗೆ ಒಂದು ಚಮಚ ಕಾರ್ನ್ ಫ್ಲೋರ್ ಉದುರಿಸಿ ಕೈಯಲ್ಲಿ ಹಗುರಕ್ಕೆ ಕಲೆಸಿಟ್ಟೆ. ದಪ್ಪ ತಳದ ಪಾತ್ರೆಲಿ ಒಂದು ದೊಡ್ಡ ಚಮಚ ಬೆಣ್ಣೆ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಕೆಂಪಾಗೋದು ಬೇಡ, ಮೆತ್ತಗಾದ್ರೆ ಸಾಕು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಅದಿಲ್ಲದೇನೂ ಆಗತ್ತೆ, ಇಂಗು ಮಾತ್ರ ಹಾಕ್ಬೇಡಿ, ಚೀಸ್ ಜೊತೆ ಹೊಂದಲ್ಲ. ಎರಡು ಸೂಜಿಮೆಣಸು ಜಜ್ಜಿ ಹಾಕ್ದೆ. ಮಕ್ಕಳಿದಾರೆ ಖಾರ ಯಾಕೆ ಅಂತ ತಂಗಿ ತಕರಾರು ಮಾಡಿದ್ಲು, ಆದ್ರೆ ಮೆಣಸಿನ ಖಾರದ ಅಂಶ ಕೊಬ್ಬಿನಲ್ಲಿ ಕರಗತ್ತೆ, ಕೇಸೀನ್ ಅದನ್ನ ಹಿಡ್ಕೊಳತ್ತೆ, ಹಾಗಾಗಿ ಚೀಸಿನಲ್ಲಿ ಖಾರ ಅರ್ಧಕ್ಕೆ ಇಳಿದ ಹಾಗೆ ಅನ್ಸತ್ತೆ. ಸಾರಿಗೆ ಹಾಕೋ ಲೆಕ್ಕದಲ್ಲಿ ಹಾಕಿದ್ರೆ ಇಲ್ಲಿ ಏನೂ ಗೊತ್ತಾಗಲ್ಲ. ಬಣ್ಣಕ್ಕೆ ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ, ಆಮೇಲೆ ನಮ್ಮ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿದೇ ಕಾಳುಮೆಣಸು, ಆಗಷ್ಟೇ ಕುಟ್ಟಿದ್ದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೀತಿದ್ರು, ಇಲ್ಲಿಂದ ಕಾಳುಮೆಣಸು ಹಡಗಲ್ಲಿ ಹೋಗ್ತಿತ್ತು, ಅಮೆರಿಕ ಖಂಡದ ಮೆಣಸಿನಕಾಯಿ ಅದೇ ಪೋರ್ಚುಗೀಸರ ಕೈಯಿಂದ ಪಕ್ಕದ ಗೋವಾಕ್ಕೆ ಬಂತು. ಈ ಒಂದೇ ಪಾತ್ರೆಲಿ ಎರಡೂ ಕೂಡಿದ್ದು ನೋಡಿ ನನಗೆ ಬಹಳ ಖುಷಿಯಾಯ್ತು.

ಇದಕ್ಕೆ ಒಂದು ಲೋಟ ಕಾಯಿಸಿದ ಹಾಲು, 200 ಎಂಎಲ್ ಹತ್ರ, ಜೊತೆಗೆ ಎತ್ತಿಟ್ಟ ಮೆಣಸಿನ ರಸ. ಹಾಲು ಬಿಸಿಯಾಗಿ ಅಂಚಲ್ಲಿ ಸಣ್ಣ ಗುಳ್ಳೆ ಕಂಡ ತಕ್ಷಣ ಉರಿ ಪೂರ್ತಿ ಇಳಿಸ್ದೆ. ಕುದಿ ಬರಲೇಬಾರದು. ಒಂದು ಮುಷ್ಟಿ ಚೀಸ್ ಹಾಕೋದು, ಮರದ ಸೌಟಲ್ಲಿ ತಳ ಮುಟ್ಟೋ ಹಾಗೆ ತಿರುಗಿಸೋದು, ಅದು ಪೂರ್ತಿ ಕಾಣೆಯಾದ ಮೇಲೆ ಇನ್ನೊಂದು ಮುಷ್ಟಿ. ಅವಸರ ಮಾಡೋ ಜಾಗ ಇದಲ್ಲ. ಮೊದಲು ಹಾಲು ಹಾಲಾಗೇ ಇರತ್ತೆ, ಇದು ಗಟ್ಟಿಯಾಗೋದೇ ಇಲ್ವೇನೋ ಅನ್ಸತ್ತೆ, ಅರ್ಧ ಚೀಸ್ ಹೋದ ಮೇಲೆ ಇದ್ದಕ್ಕಿದ್ದ ಹಾಗೆ ಸೌಟಿಗೆ ಭಾರ ಬರತ್ತೆ. ಪ್ರೊಸೆಸ್ಡ್ ಮೊದಲು, ಮೊಝರೆಲ್ಲಾ ಕೊನೆಗೆ. ಹದ ನೋಡೋಕೆ ಸೌಟಲ್ಲಿ ತಳದ ಮೇಲೊಂದು ಗೆರೆ ಎಳೀರಿ, ಗೆರೆ ನಿಧಾನಕ್ಕೆ ಮುಚ್ಕೊಂಡ್ರೆ ಸರಿ, ತಕ್ಷಣ ಮುಚ್ಚಿದ್ರೆ ಇನ್ನೊಂಚೂರು ಚೀಸ್, ಮುಚ್ಚದೇ ನಿಂತ್ರೆ ಎರಡು ಚಮಚ ಬಿಸಿ ಹಾಲು. ಬಟ್ಟಲಿಗೆ ಬಂದ ಮೇಲೆ ಇನ್ನೂ ಗಟ್ಟಿಯಾಗತ್ತೆ, ಹಾಗಾಗಿ ಒಲೆ ಮೇಲೆ ಸ್ವಲ್ಪ ತೆಳು ಇರುವಾಗಲೇ ನಿಲ್ಲಿಸೋದು ಒಳ್ಳೇದು. ಉಪ್ಪು ನಾನು ಹಾಕಲೇ ಇಲ್ಲ, ಚೀಸಿನದ್ದೇ ಸಾಕು. ಟೊಮೆಟೊ ಬೇಕಾದವರು ಬೀಜ ನೀರು ತೆಗೆದು ಈರುಳ್ಳಿ ಜೊತೆಗೇ ಬಾಡಿಸಿ ನೀರು ಆರಿಸ್ಕೊಳಿ, ಹಸಿಯಾಗಿ ಹಾಲಿಗೆ ಹಾಕಿದ್ರೆ ಹುಳಿಗೆ ಒಡೆಯತ್ತೆ.

ಒಲೆಯಿಂದ ಇಳಿಸಿದ ಮೇಲೆ ಸುಟ್ಟ ಮೆಣಸಿನ ಹೋಳು. ಒಂದು ಹಿಡಿ ಮೇಲೆ ಅಲಂಕಾರಕ್ಕೆ ಉಳಿಸಿ ಉಳಿದಿದ್ದೆಲ್ಲ ಒಳಗೆ. ಹಳದಿ ಮಿಶ್ರ ಕೇಸರಿ ಬಣ್ಣದ ನಡುವೆ ಕೆಂಪು ಹಸಿರು ಹೋಳು, ಅಲ್ಲಲ್ಲಿ ಸುಟ್ಟ ಕಪ್ಪು ಚುಕ್ಕೆ.

ಬಿಸಿ ಹಿಡಿದಿಡೋದು ದೊಡ್ಡ ಸಮಸ್ಯೆ, ಡಿಸೆಂಬರ್ ಚಳಿಲಿ ಅಂಗಳಕ್ಕೆ ತಗೊಂಡು ಹೋದ್ರೆ ಐದೇ ನಿಮಿಷಕ್ಕೆ ಮೇಲೆ ಕೆನೆ ಕಟ್ಟಿ ಬಿಗಿಯತ್ತೆ. ನಮ್ಮನೇಲಿ ಅಪ್ಪೆಹುಳಿ, ಗೊಜ್ಜಿಗೆ ಬಳಸೋ ಬಳಪದ ಕಲ್ಲಿನ ಹಳೇ ಪಾತ್ರೆ ಇದೆ, ಅದನ್ನ ಮೊದಲೇ ಬಿಸಿನೀರು ತುಂಬಿ ಕಾಯಿಸಿಟ್ಟು, ನೀರು ಚೆಲ್ಲಿ ಒರೆಸಿ ಅದಕ್ಕೆ ಸುರಿದೆ. ಕಲ್ಲು ಕಾಯೋದೂ ನಿಧಾನ, ಆರೋದೂ ನಿಧಾನ, ಹಾಗಾಗಿ ತುಂಬಾ ಹೊತ್ತು ಡಿಪ್ ಡಿಪ್ಪಾಗೇ ಇತ್ತು. ಕಲ್ಲಿನದು ಇಲ್ಲದವರು ಬಿಸಿನೀರಿನ ಅಗಲ ಪಾತ್ರೆ ಒಳಗೆ ಬಟ್ಟಲು ಇಟ್ರೂ ಆಗತ್ತೆ.

ಅದ್ದೋಕೆ ಎಂತ ಅನ್ನೋದ್ರಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ ಇದೆ. ಅಂಗಡಿ ನಾಚೋಸ್ ಬೇಡ. ಬಾಳೆಕಾಯಿ ಚಿಪ್ಸ್ ಸ್ವಲ್ಪ ದಪ್ಪಕ್ಕೆ ಹೆಚ್ಚಿದ್ದು ಬಹಳ ಚೆನ್ನಾಗಿ ಹೊಂದತ್ತೆ, ಮುರಿಯಲ್ಲ, ಉಪ್ಪು ಕಡಿಮೆ ಇರೋದನ್ನ ಆರಿಸಿ. ಹಲಸಿನ ಹಪ್ಪಳ, ಬೇಸಿಗೆಲಿ ಮಾಡಿ ಡಬ್ಬಿ ತುಂಬಿಟ್ಟಿದ್ದು, ಎಣ್ಣೆಲಿ ಕರಿಯದೆ ಅದೇ ಕೆಂಡದ ಮೇಲೆ ಸುಟ್ಟು ಕೊಟ್ಟೆ, ಹಲಸಿನ ಸಿಹಿಗೂ ಚೀಸಿನ ಉಪ್ಪಿಗೂ ಅಷ್ಟು ಚಂದ ಕೂಡತ್ತೆ ಅಂತ ತಿಂದೇ ನೋಡ್ಬೇಕು. ಕಾರವಾರದ ಪಾವ್ ಕೆಂಡಕ್ಕೆ ತೋರಿಸಿ ಹೊರಗೆ ಗರಿ ಮಾಡಿದ್ರೆ ಒಳಗಿನ ಮೆತ್ತನೆ ಭಾಗ ಡಿಪ್ಪನ್ನ ಪೂರ್ತಿ ಹೀರ್ಕೊಳತ್ತೆ, ಮಕ್ಕಳು ಅದನ್ನ ಬಿಟ್ಟು ಬೇರೆ ಮುಟ್ಲಿಲ್ಲ.

ಅಡಿಕೆ ಸಿಪ್ಪೆ ಕಲೆ ಎಷ್ಟು ತೊಳೆದ್ರೂ ಕೈಯಿಂದ ಹೋಗಲ್ಲ, ಎಲ್ಲರೂ ಅದೇ ಕೈಯಲ್ಲಿ ಹಪ್ಪಳದ ಚೂರು ಹಿಡಿದು ಮೊದಲು ತುದಿ ಮಾತ್ರ ಅದ್ದಿದ್ರು, ಎರಡನೇ ಸಲ ಅರ್ಧಕ್ಕೆ. ದೊಡ್ಡಪ್ಪ ಚೀಸ್ ತಿಂದಿದ್ದೇ ಅಪರೂಪ, ಬಾಯಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ನೆ ಅಗಿದು, "ಅಡ್ಡಿಲ್ಲೆ, ಚೊಲೋ ಆಜು, ಮೆಣಸು ಸುಟ್ಟಿದ್ದು ಚೊಲೋ ಆಜು" ಅಂದ. ಚೀಸಿನ ಮಾತೇ ಎತ್ತದೆ ಮೆಣಸನ್ನ ಗುರುತು ಹಿಡಿದಿದ್ದು ನನಗೆ ಎಲ್ಲಕ್ಕಿಂತ ದೊಡ್ಡ ಸರ್ಟಿಫಿಕೇಟ್. ಆಯಿ ಎರಡು ಚೂರು ತಿಂದ್ಲು, ಬೆಳ್ಳುಳ್ಳಿ ಒಂದೆಸಳು ಕಡಿಮೆ ಇದ್ರೆ ಇನ್ನೂ ಒಳ್ಳೇದಿತ್ತು ಅಂದ್ಲು, ಅದನ್ನ ಮುಂದಿನ ಸಲಕ್ಕೆ ನೆನಪಿಟ್ಟಿದೀನಿ.

ಈ ಅಳತೆ ಸಂಜೆ ತಿಂಡಿಗೆ ಏಳೆಂಟು ಜನಕ್ಕೆ ಸಾಕು, ನಾನು ಎರಡರಷ್ಟು ಮಾಡಿದ್ದೆ. ಉಳಿದದ್ದನ್ನ ಮುಚ್ಚಿ ಫ್ರಿಜ್ಜಲ್ಲಿ ಇಟ್ರೆ ಎರಡು ದಿನ ಚೆನ್ನಾಗಿರತ್ತೆ, ತೆಗೆದಾಗ ಕಲ್ಲಿನ ಹಾಗೆ ಗಟ್ಟಿ ಇರತ್ತೆ, ಹೆದರೋದು ಬೇಡ, ಎರಡು ಚಮಚ ಹಾಲು ಹಾಕಿ ಬಿಸಿನೀರಿನ ಪಾತ್ರೆ ಮೇಲಿಟ್ಟು ನಿಧಾನಕ್ಕೆ ತಿರುಗಿಸಿದ್ರೆ ಮೊದಲಿನ ಹದಕ್ಕೇ ಬರತ್ತೆ, ನೇರ ಉರಿಗೆ ಮಾತ್ರ ಇಡ್ಬೇಡಿ. ಮಾರನೇ ದಿನ ಬೆಳಿಗ್ಗೆ ತೆಳ್ಳೇವು ಅನ್ನೋ ನಮ್ಮ ಕಡೆಯ ತೆಳು ದೋಸೆ ಒಳಗೆ ಒಂದು ಚಮಚ ಸವರಿ ಮಡಚಿ ಕೊಟ್ಟೆ, ಮೇಲೆ ಉಳಿದಿದ್ದ ಬಜ್ಜಿ ಮೆಣಸಿನ ಒಂದು ಸೀಳು ಇಟ್ಟು, ಅದು ಡಿಪ್ಪಿಗಿಂತಲೂ ಬೇಗ ಖಾಲಿಯಾಯ್ತು.